ಪೇಟೆ ಕುಸಿದಾಗ ಮಾರಲೇಬೇಕಾದವರು ಯಾರು?

ಷೇರು ಪೇಟೆ ದೊಡ್ಡ ಪ್ರಮಾಣದಲ್ಲಿ ಕುಸಿದ ಮರುದಿನ ನಿಡಘಟ್ಟದಂತಹ ಊರಿನ ಅಂಗಡಿ ಕಟ್ಟೆಯ ಮೇಲೂ ಒಂದು ಪ್ರಶ್ನೆ ಕೇಳಿಬರುತ್ತದೆ: "ಒಂದೇ ದಿನಕ್ಕೆ ಲಕ್ಷಾಂತರ ಕೋಟಿ ಕರಗಿತು ಅಂತಾರಲ್ಲ, ಅಷ್ಟು ದುಡ್ಡು ಎಲ್ಲಿಗೆ ಹೋಯ್ತು?" ಇಪ್ಪತ್ತು ವರ್ಷಗಳ ಹಿಂದೆ ಈ ಪ್ರಶ್ನೆ ಇಲ್ಲಿ ಅಪರೂಪವಾಗಿತ್ತು. ಅಂದು ನಮ್ಮ ಭಾಗದಲ್ಲಿ ಉಳಿತಾಯವೆಂದರೆ ಚಿನ್ನ, ನಿವೇಶನ, ಚೀಟಿ ಮತ್ತು ಅಂಚೆ ಕಚೇರಿಯ ಖಾತೆ. ಈಗ ಸ್ಥಿತಿ ಬದಲಾಗಿದೆ. ದೇಶದಲ್ಲಿ 2020ರ ಮಾರ್ಚ್ ತಿಂಗಳಲ್ಲಿ ಸುಮಾರು 4 ಕೋಟಿಯಷ್ಟಿದ್ದ ಡಿಮ್ಯಾಟ್ ಖಾತೆಗಳು 2022ರ ಆಗಸ್ಟ್ ವೇಳೆಗೆ 10 ಕೋಟಿಯನ್ನು ದಾಟಿದವು. ಮದ್ದೂರು ತಾಲ್ಲೂಕಿನ ಎಳನೀರು ವರ್ತಕರ ಮಕ್ಕಳೂ, ಹೆದ್ದಾರಿಗೆ ಭೂಮಿ ಕೊಟ್ಟು ಪರಿಹಾರ ಪಡೆದ ರೈತರೂ ಇಂದು ಮೊಬೈಲಿನಲ್ಲಿ ಸೂಚ್ಯಂಕವನ್ನು ನೋಡುತ್ತಾರೆ. ಆದುದರಿಂದ ಮೇಲಿನ ಪ್ರಶ್ನೆಗೆ ನಮ್ಮ ವರ್ತಕರ ಭಾಷೆಯಲ್ಲಿಯೇ ಉತ್ತರ ಹುಡುಕುವುದು ಅಗತ್ಯ.

ಕರಗಿದ ಹಣ ಎಲ್ಲಿಗೆ ಹೋಗುತ್ತದೆ?

ಒಬ್ಬ ವರ್ತಕನ ಗೋದಾಮಿನಲ್ಲಿ 100 ಕ್ವಿಂಟಾಲ್ ಬೆಲ್ಲವಿದೆ, ನಿನ್ನೆಯ ಧಾರಣೆ ಕ್ವಿಂಟಾಲಿಗೆ 4,000 ರೂಪಾಯಿ ಎಂದಿಟ್ಟುಕೊಳ್ಳೋಣ. ಇಂದು ಮಂಡ್ಯದ ಮಾರುಕಟ್ಟೆಗೆ ಹೆಚ್ಚು ಬೆಲ್ಲ ಬಂದು, ಯಾರೋ ನಾಲ್ವರು 3,800ಕ್ಕೆ ಮಾರಿದರು. ಗೋದಾಮಿನಿಂದ ಒಂದು ಅಚ್ಚೂ ಹೊರಗೆ ಹೋಗದಿದ್ದರೂ ಆ ವರ್ತಕನ ದಾಸ್ತಾನಿನ ಬೆಲೆ 20,000 ರೂಪಾಯಿ ಇಳಿಯಿತು. ಆ ಹಣವನ್ನು ಯಾರೂ ಒಯ್ಯಲಿಲ್ಲ. ಇಂದು ಮಾರಿದ ಕೆಲವರ ಬೆಲೆಯನ್ನು, ಮಾರದೆ ಇಟ್ಟುಕೊಂಡವರ ಸರಕಿಗೂ ಅನ್ವಯಿಸಿ ಲೆಕ್ಕ ಹಾಕಲಾಯಿತು, ಅಷ್ಟೆ. ಷೇರು ಪೇಟೆಯಲ್ಲಿ ಲಕ್ಷಾಂತರ ಕೋಟಿ ಕರಗುವುದೂ ಈ ಲೆಕ್ಕದಿಂದಲೇ. ಒಂದು ದಿನದಲ್ಲಿ ಕೈ ಬದಲಾಯಿಸುವ ಷೇರುಗಳು ಒಟ್ಟು ಷೇರುಗಳ ಸಣ್ಣ ಪಾಲು ಮಾತ್ರ. ಬೆಲೆಯನ್ನು ನಿರ್ಧರಿಸುವವರು ಆ ದಿನ ಮಾರಿದವರು ಮತ್ತು ಕೊಂಡವರು.

ಹಾಗಾದರೆ ನಿಜವಾದ ಪ್ರಶ್ನೆ ಹಣ ಎಲ್ಲಿಗೆ ಹೋಯಿತು ಎಂಬುದಲ್ಲ. ಇಳಿದ ಬೆಲೆಗೆ ಮಾರಿದವರು ಯಾರು, ಏಕೆ ಮಾರಿದರು ಎಂಬುದು.

ಕುಸಿತದ ಕಾರಣಗಳು

ಕಾರಣಗಳನ್ನು ಸ್ಥೂಲವಾಗಿ ಮೂರು ಎನ್ನಬಹುದು. ಮೊದಲನೆಯದು, ಕಂಪನಿಗಳ ಲಾಭಕ್ಕಿಂತ ಷೇರಿನ ಬೆಲೆ ಬಹಳ ಮುಂದೆ ಓಡಿರುವುದು. ಎರಡನೆಯದು, ಹಣದ ಹರಿವು ತಿರುಗುವುದು. ಅಮೆರಿಕದಲ್ಲಿ ಬಡ್ಡಿ ಏರಿದರೆ ಅಥವಾ ಬೇರೊಂದು ದೇಶದ ಪೇಟೆ ಅಗ್ಗವೆನಿಸಿದರೆ ವಿದೇಶಿ ಹೂಡಿಕೆದಾರರು ಇಲ್ಲಿಂದ ಹಣ ತೆಗೆಯುತ್ತಾರೆ. 2024ರ ಅಕ್ಟೋಬರ್ ಒಂದೇ ತಿಂಗಳಲ್ಲಿ ಅವರು 94,000 ಕೋಟಿ ರೂಪಾಯಿಗೂ ಮೀರಿದ ಷೇರುಗಳನ್ನು ಮಾರಿದರು. ಮೂರನೆಯದು ಸಾಲ. ಮೊದಲೆರಡು ಕಾರಣಗಳಿಂದ ಬೆಲೆ ಇಳಿಯುತ್ತದೆ. ಮೂರನೆಯದು ಸೇರಿಕೊಂಡಾಗ ಇಳಿಕೆಯು ಕುಸಿತವಾಗುತ್ತದೆ.

2008ರ ಜನವರಿ ಇದಕ್ಕೆ ಸ್ಪಷ್ಟ ನಿದರ್ಶನ. ಆ ತಿಂಗಳ 10ರಂದು ಮುಂಬಯಿ ಸೂಚ್ಯಂಕ 21,206ರ ಎತ್ತರವನ್ನು ಮುಟ್ಟಿತ್ತು. 21ರಂದು ಅದು 1,408 ಅಂಶ ಕುಸಿಯಿತು. ಮರುದಿನ ಬೆಳಿಗ್ಗೆ ವಹಿವಾಟು ಆರಂಭವಾದ ಕೂಡಲೇ ಇಳಿಕೆಯ ಮಿತಿಯನ್ನು ಮುಟ್ಟಿ ಒಂದು ಗಂಟೆ ಕಾಲ ಪೇಟೆಯನ್ನು ನಿಲ್ಲಿಸಬೇಕಾಯಿತು. ವಿದೇಶಿಯರು ಮಾರುತ್ತಿದ್ದುದು ನಿಜ. ಆದರೆ ಸಾಲದ ಬಲದಿಂದ ಕೊಂಡಿದ್ದವರಿಗೆ ದಲ್ಲಾಳಿಗಳು ಹೆಚ್ಚಿನ ಖಾತರಿ ಹಣ ಕೇಳಿದರು. ಕೊಡಲಾರದವರ ಷೇರುಗಳನ್ನು ಸಿಕ್ಕ ಬೆಲೆಗೆ ಮಾರಲಾಯಿತು. ಆ ಮಾರಾಟದಿಂದ ಬೆಲೆ ಇನ್ನಷ್ಟು ಇಳಿದು ಮತ್ತೊಬ್ಬನ ಖಾತರಿ ಸಾಲದಾಯಿತು.

ಲೆಕ್ಕ ಸರಳವಾಗಿದೆ. ಸ್ವಂತದ 1 ಲಕ್ಷಕ್ಕೆ ಸಾಲದ 1 ಲಕ್ಷ ಸೇರಿಸಿ 2 ಲಕ್ಷದ ಷೇರು ಕೊಂಡವನಿಗೆ, ಬೆಲೆ ಶೇ. 30ರಷ್ಟು ಇಳಿದರೆ ಉಳಿಯುವುದು 1 ಲಕ್ಷ 40 ಸಾವಿರ. ಸಾಲ ತೀರಿಸಿದ ಮೇಲೆ ಅವನ ಪಾಲಿಗೆ 40 ಸಾವಿರ. ಪೇಟೆ ಕಳೆದುಕೊಂಡದ್ದು ಶೇ. 30, ಅವನು ಕಳೆದುಕೊಂಡದ್ದು ಶೇ. 60, ಬಡ್ಡಿ ಬೇರೆ.

ಒಬ್ಬ ಮಂಡಿ ವರ್ತಕರ ಅನುಭವ

ನನ್ನ ಪರಿಚಯದ ಒಬ್ಬ ಬೆಲ್ಲದ ವರ್ತಕರು ಆ ವರ್ಷ ಈ ಲೆಕ್ಕವನ್ನು ಸ್ವಂತ ಖರ್ಚಿನಲ್ಲಿ ಕಲಿತರು. ಆಲೆಮನೆಗಳಿಗೆ ಮುಂಗಡ ಕೊಡಲು ತೆಗೆದಿರಿಸಿದ್ದ ಹಣವನ್ನು 2007ರ ದೀಪಾವಳಿಯ ಸುಮಾರಿಗೆ ಷೇರಿಗೆ ಹಾಕಿ, ಅದರ ಮೇಲೆ ಸಾಲವನ್ನೂ ಪಡೆದಿದ್ದರು. ಎರಡು ತಿಂಗಳ ನಂತರ ತೆಗೆದುಕೊಂಡರಾಯಿತು ಎಂಬುದು ಅವರ ಎಣಿಕೆ. ಜನವರಿ 22ರ ಮಧ್ಯಾಹ್ನದೊಳಗೆ ಹೆಚ್ಚುವರಿ ಹಣ ಕಟ್ಟಬೇಕೆಂದು ಕರೆ ಬಂದಿತು. ಕಟ್ಟಲಾಗಲಿಲ್ಲ, ಷೇರುಗಳು ಮಾರಾಟವಾದವು. ಅಷ್ಟಕ್ಕೆ ಮುಗಿದಿದ್ದರೆ ಚಿಂತೆಯಿರಲಿಲ್ಲ. ಮುಂಗಡ ಸಿಗದ ಆಲೆಮನೆಯವರು ಬೇರೆ ಮಂಡಿಗೆ ಹೋದರು. ತಂದೆಯ ಕಾಲದಿಂದ ಬೆಲ್ಲ ಹಾಕುತ್ತಿದ್ದ ಮೂರು ಮನೆಗಳವರು ಮತ್ತೆ ಮರಳಲಿಲ್ಲ. ಹಲವು ವರ್ಷಗಳ ನಂತರ ಅವರು ನನಗೆ ಹೇಳಿದ ಮಾತು ಇದು: "ಪೇಟೆ ಬಿತ್ತು ಅಂತ ನಾನು ಬೀಳಲಿಲ್ಲ ಅಣ್ಣಾ. ಆ ದುಡ್ಡು ಇನ್ನೊಬ್ಬರಿಗೆ ಕೊಡಬೇಕಾದ್ದಾಗಿತ್ತು, ಅದಕ್ಕೆ ಬಿದ್ದೆ."

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೂ ಇಷ್ಟನ್ನೇ. ಕುಸಿತದಲ್ಲಿ ಕೆಡುವುದು ಗಡುವು ಇರುವ ಹಣ. 2008ರ ಅಕ್ಟೋಬರ್ 27ರಂದು ಸೂಚ್ಯಂಕ 7,700ಕ್ಕಿಂತ ಕೆಳಗೆ ಹೋಗಿತ್ತು. 2009ರ ಮೇ 18ರಂದು ಒಂದೇ ದಿನ 2,110 ಅಂಶ ಏರಿ, ಈ ಬಾರಿ ಏರಿಕೆಯ ಮಿತಿಯನ್ನು ದಾಟಿ ವಹಿವಾಟು ನಿಂತಿತು. 2010ರ ದೀಪಾವಳಿಯ ವೇಳೆಗೆ ಹಳೆಯ ಎತ್ತರದ ಸಮೀಪಕ್ಕೆ ಬಂದಿತು. ಕೊರೋನಾ ಕಾಲದ 2020ರ ಮಾರ್ಚ್ 23ರಂದು ಸೂಚ್ಯಂಕ 3,934 ಅಂಶ, ಅಂದರೆ ಶೇ. 13ಕ್ಕೂ ಹೆಚ್ಚು ಕುಸಿಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಹೊಸ ದಾಖಲೆ ಬರೆಯಿತು. ಒಮ್ಮೆ ಸುಮಾರು ಮೂರು ವರ್ಷ, ಇನ್ನೊಮ್ಮೆ ಎಂಟು ತಿಂಗಳು. ಎಷ್ಟು ಕಾಲ ಕಾಯಬೇಕೆಂದು ಮುಂಚಿತವಾಗಿ ಯಾರೂ ಹೇಳಲಾರರು. ಮಗಳ ಮದುವೆಯ ಹಣ, ಕಾಲೇಜಿನ ಶುಲ್ಕ, ಮುಂದಿನ ತಿಂಗಳ ಸರಕಿನ ಹಣ ಇವು ಯಾವುವೂ ಪೇಟೆಗಾಗಿ ಕಾಯುವುದಿಲ್ಲ.

ನಮ್ಮೂರಿನ ಇನ್ನೊಂದು ಉದಾಹರಣೆಯನ್ನೂ ಗಮನಿಸಬೇಕು. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಆ ಕಾಮಗಾರಿಯ ಎರಡು ಭಾಗಗಳು ಕೂಡಿದ್ದು ನಿಡಘಟ್ಟದಲ್ಲಿಯೇ. ವಾಹನಗಳು ಮೇಲಿನ ರಸ್ತೆ ಹಿಡಿದು ವೇಗವಾಗಿ ಸಾಗತೊಡಗಿದಾಗ ಹಳೆಯ ರಸ್ತೆಯ ಬದಿಯ ಹೋಟೆಲು, ಅಂಗಡಿಗಳ ವ್ಯಾಪಾರ ಇಳಿಯಿತು. ಅಂತಹ ದಿನಗಳಲ್ಲಿ ವರ್ತಕನು ತನ್ನ ಉಳಿತಾಯದಿಂದಲೇ ಬಾಡಿಗೆ, ಸಂಬಳ ಕೊಡಬೇಕಾಗುತ್ತದೆ. ನಮ್ಮ ವ್ಯಾಪಾರದ ಕಷ್ಟಕಾಲವೂ ಷೇರು ಪೇಟೆಯ ಕಷ್ಟಕಾಲವೂ ಒಟ್ಟಿಗೆ ಬಂದರೆ, ಕಾಯಬೇಕೆಂಬ ಇಚ್ಛೆಯಿದ್ದರೂ ಕಾಯುವ ಶಕ್ತಿ ಇರುವುದಿಲ್ಲ. ಸಂಬಳದಾರನಿಗಿಂತ ವರ್ತಕನಿಗೆ ಈ ಅಪಾಯ ಹೆಚ್ಚು.

ಕಾದರೆ ಸಾಕೇ?

"ಕಾಯಿರಿ, ಎಲ್ಲವೂ ಸರಿಹೋಗುತ್ತದೆ" ಎಂಬ ಉಪದೇಶವನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಜಪಾನಿನ ನಿಕ್ಕೀ ಸೂಚ್ಯಂಕ 1989ರ ಡಿಸೆಂಬರ್‌ನಲ್ಲಿ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರವರಿಯಲ್ಲಿ. ಮೂವತ್ತನಾಲ್ಕು ವರ್ಷ ಒಬ್ಬ ಉಳಿತಾಯಗಾರನ ದುಡಿಮೆಯ ಆಯುಷ್ಯ.

ಸೂಚ್ಯಂಕ ಚೇತರಿಸಿಕೊಂಡರೂ ನಾವು ಕೊಂಡ ಷೇರು ಚೇತರಿಸಿಕೊಳ್ಳಬೇಕೆಂಬ ನಿಯಮವಿಲ್ಲ. 2008ರ ಜನವರಿಯಲ್ಲಿ ಜನರು ಮುಗಿಬಿದ್ದು ಅರ್ಜಿ ಹಾಕಿದ ರಿಲಯನ್ಸ್ ಪವರ್ ಷೇರನ್ನು 450 ರೂಪಾಯಿಗೆ, ಸಣ್ಣ ಹೂಡಿಕೆದಾರರಿಗೆ 430 ರೂಪಾಯಿಗೆ ನೀಡಲಾಗಿತ್ತು. ಫೆಬ್ರವರಿ 11ರಂದು, ವಹಿವಾಟಿನ ಮೊದಲ ದಿನವೇ, ಅದು 372 ರೂಪಾಯಿಯ ಆಸುಪಾಸಿಗೆ ಇಳಿಯಿತು. ಸತ್ಯಂ ಕಂಪನಿಯ ಲೆಕ್ಕಪತ್ರಗಳ ಮೋಸ ಹೊರಬಿದ್ದ 2009ರ ಜನವರಿ 7ರಂದು ಅದರ ಷೇರು ಮುಕ್ಕಾಲು ಪಾಲಿಗೂ ಹೆಚ್ಚು ಬೆಲೆ ಕಳೆದುಕೊಂಡಿತು. ನಮ್ಮ ರಾಜ್ಯದ್ದೇ ಆದ ಕಾಫಿ ಡೇ ಷೇರನ್ನು 2015ರಲ್ಲಿ 328 ರೂಪಾಯಿಗೆ ಸಾರ್ವಜನಿಕರಿಗೆ ನೀಡಲಾಯಿತು. 2019ರ ನಂತರ ಅದು ಆ ಬೆಲೆಯನ್ನು ಕಾಣಲಿಲ್ಲ.

ಮಂಡ್ಯ ಜಿಲ್ಲೆಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯಲ್ಲಿ ನಮ್ಮ ರೈತರೂ ಷೇರುದಾರರು. ಕಾರ್ಖಾನೆ ಕಬ್ಬು ಅರೆದರೆ ಮಾತ್ರ ಆ ಕಾಗದಕ್ಕೆ ಅರ್ಥ, ನಿಂತರೆ ಇಲ್ಲ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಬೆಲ್ಲವನ್ನು ಹೆಚ್ಚು ಕಾಲ ಇಟ್ಟರೆ ಮಳೆಗಾಲದಲ್ಲಿ ನೀರೊಡೆಯುತ್ತದೆ. ಷೇರಿನ ಕಾಗದ ನೀರೊಡೆಯುವುದಿಲ್ಲವಾದರೂ ಅದರ ಹಿಂದಿನ ಕಂಪನಿ ಕೆಡಬಹುದು. ಆದುದರಿಂದ ಒಂದೆರಡು ಕಂಪನಿಗಳನ್ನು ನಂಬಿ ಕಾಯುವುದಕ್ಕೂ, ಹಲವು ಕಂಪನಿಗಳಲ್ಲಿ ಹರಡಿದ ನಿಧಿಯಲ್ಲಿ ಕಾಯುವುದಕ್ಕೂ ವ್ಯತ್ಯಾಸವಿದೆ.

ಉಳಿತಾಯಗಾರರ ಎರಡು ತಪ್ಪುಗಳು

ಕುಸಿತದ ನಂತರ ಎರಡು ಬಗೆಯ ತಪ್ಪುಗಳು ಕಂಡುಬರುತ್ತವೆ. ಕಳೆದುಕೊಂಡದ್ದನ್ನು ಬೇಗ ಮರಳಿ ಪಡೆಯುವ ಆತುರದಿಂದ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿಗೆ ಇಳಿಯುವುದು ಮೊದಲನೆಯದು. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರು ಹಣಕಾಸು ವರ್ಷಗಳಲ್ಲಿ ಈ ವಹಿವಾಟು ನಡೆಸಿದ ವ್ಯಕ್ತಿಗಳ ಪೈಕಿ ಶೇ. 93ರಷ್ಟು ಮಂದಿ ನಷ್ಟ ಅನುಭವಿಸಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ನೂರು ಗಿರಾಕಿಗಳಲ್ಲಿ ತೊಂಬತ್ತಮೂರು ಮಂದಿ ಹಣ ಕೊಡದೆ ಹೋಗುವ ವ್ಯಾಪಾರವನ್ನು ನಮ್ಮಲ್ಲಿ ಯಾರಾದರೂ ಆರಂಭಿಸುತ್ತಾರೆಯೇ?

ಪೇಟೆಗೆ ಹೆದರಿ ಅದಕ್ಕಿಂತ ಅಪಾಯಕರವಾದ ಕಡೆಗೆ ಓಡುವುದು ಎರಡನೆಯದು. "ಷೇರಿನ ತಂಟೆ ಬೇಡ, ತಿಂಗಳಿಗೆ ಇಷ್ಟು ಖಚಿತ" ಎಂದು ಹೇಳುವವರ ಮಾತು ಆಗ ಹಿತವೆನಿಸುತ್ತದೆ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಮುಚ್ಚಿದಾಗ ಸಾವಿರಾರು ಸಾಮಾನ್ಯ ಕುಟುಂಬಗಳು ಬೀದಿಗೆ ಬಂದುದನ್ನು ಮರೆಯಬಾರದು. ಷೇರಿನ ಬೆಲೆ ಇಳಿದರೆ ಪ್ರತಿದಿನ ಕಣ್ಣಿಗೆ ಕಾಣುತ್ತದೆ. ಇಂತಹ ಸಂಸ್ಥೆಗಳಲ್ಲಿ ಬಾಗಿಲು ಮುಚ್ಚುವ ದಿನದವರೆಗೂ ಏನೂ ಕಾಣುವುದಿಲ್ಲ.

ವರ್ತಕರು ಮಾಡಬೇಕಾದುದು

ಮೊದಲಿಗೆ, ಅಂಗಡಿಯ ಹಣ ಮತ್ತು ಮನೆಯ ಹಣಕ್ಕೆ ಪ್ರತ್ಯೇಕ ಖಾತೆಗಳಿರಲಿ. ದುಡಿಯುವ ಬಂಡವಾಳದ ಒಂದು ರೂಪಾಯಿಯೂ ಷೇರಿಗೆ ಹೋಗಬಾರದು. ಎರಡನೆಯದಾಗಿ, ಕನಿಷ್ಠ ಆರು ತಿಂಗಳ ಬಾಡಿಗೆ, ಸಂಬಳ ಮತ್ತು ಮನೆಖರ್ಚಿನ ಹಣ ಬ್ಯಾಂಕಿನಲ್ಲಿರಲಿ. 2020ರ ಫೆಬ್ರವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನ 5 ಲಕ್ಷ ರೂಪಾಯಿವರೆಗಿನ ಹಣಕ್ಕೆ ವಿಮೆಯ ರಕ್ಷಣೆಯಿದೆ. ಮೂರನೆಯದಾಗಿ, ಐದಾರು ವರ್ಷ ಮುಟ್ಟಬೇಕಾಗಿಲ್ಲದ ಹಣವನ್ನು ಮಾತ್ರ, ಸಾಲವಿಲ್ಲದೆ, ಕಂತುಗಳಲ್ಲಿ ಪೇಟೆಗೆ ಹಾಕುವುದು ಲೇಸು.

ನಾಲ್ಕನೆಯ ಮಾತು ಸಂಘಟನೆಗೆ ಸಂಬಂಧಿಸಿದ್ದು. ಸೋಮನಹಳ್ಳಿ, ಗೆಜ್ಜಲಗೆರೆ ಕೈಗಾರಿಕಾ ಪ್ರದೇಶಗಳ ಸಣ್ಣ ತಯಾರಕನು ತನ್ನ ಉಳಿತಾಯವನ್ನು ಅಕಾಲದಲ್ಲಿ ಮಾರುವುದಕ್ಕೆ ಅನೇಕ ವೇಳೆ ಕಾರಣ ಅವನ ದುರಾಸೆಯಲ್ಲ, ದೊಡ್ಡ ಗಿರಾಕಿಗಳಿಂದ ಬರಬೇಕಾದ ಬಾಕಿ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯು ಅತಿ ಸಣ್ಣ ಮತ್ತು ಸಣ್ಣ ಉದ್ದಿಮೆಗಳ ಬಾಕಿಯನ್ನು 45 ದಿನಗಳೊಳಗೆ ತೀರಿಸಬೇಕೆಂದು ಹೇಳುತ್ತದೆ. ಗಿರಾಕಿ ಕೈಬಿಟ್ಟುಹೋದಾನೆಂಬ ಭಯದಿಂದ ಒಬ್ಬೊಬ್ಬರೇ ದೂರು ಕೊಡಲು ಹಿಂಜರಿಯುತ್ತಾರೆ. ಅಂತಹ ಬಾಕಿಗಳ ಬಗ್ಗೆ ನಮ್ಮ ಸಂಸ್ಥೆಯೇ ಸದಸ್ಯರ ಪರವಾಗಿ ಮಾತನಾಡಿದರೆ, ಹತ್ತು ಹೂಡಿಕೆ ಉಪನ್ಯಾಸಗಳಿಗಿಂತ ಹೆಚ್ಚಿನ ಉಪಕಾರವಾದೀತು.

ಪೇಟೆ ಮುಂದೆಯೂ ಕುಸಿಯುತ್ತದೆ. ಯಾವ ದಿನ ಎಂಬುದನ್ನು ತಿಳಿಯುವುದು ನಮ್ಮ ಕೈಯಲ್ಲಿಲ್ಲ. ಆ ದಿನ ಮಾರಲೇಬೇಕಾದವರ ಸಾಲಿನಲ್ಲಿ ನಿಲ್ಲದಂತೆ ಇಂದೇ ಲೆಕ್ಕ ಸರಿಪಡಿಸಿಕೊಳ್ಳುವುದು ಮಾತ್ರ ನಮ್ಮ ಕೈಯಲ್ಲಿದೆ. ಮೇಲೆ ಹೇಳಿದ ಮಂಡಿ ವರ್ತಕರು ಇಂದೂ ಷೇರು ಕೊಳ್ಳುತ್ತಾರೆ. ಆದರೆ ಆಲೆಮನೆಗಳ ಮುಂಗಡ ಕೊಟ್ಟು ಮುಗಿದ ಮೇಲೆ, ಉಳಿದ ಹಣದಲ್ಲಿ.