ಹಳೇ ಸರ್ವರ್ ಪ್ರೊಸೆಸರ್ ಅಗ್ಗ ಅಂತ ಕೊಳ್ತಿದ್ದೀರಾ? ಓವರ್‌ಕ್ಲಾಕ್ ಆಸೆಗೆ ಮುನ್ನ ಈ ಲೆಕ್ಕ ನೋಡಿ

ಕೋಲ್ಕತ್ತಾ: ಮೆಮೊರಿ ಚಿಪ್‌ಗಳು ಎಐ ಡೇಟಾ ಸೆಂಟರ್‌ಗಳ ಪಾಲಾಗುತ್ತಿದ್ದು, ರ‍್ಯಾಮ್ ಬೆಲೆ ಗಗನಕ್ಕೇರಿದೆ. ಕ್ರೂಷಿಯಲ್ ಬ್ರ್ಯಾಂಡ್‌ನಲ್ಲಿ ಜನಸಾಮಾನ್ಯರಿಗೆ ರ‍್ಯಾಮ್ ಮಾರುವುದನ್ನು ನಿಲ್ಲಿಸುವುದಾಗಿ ಮೈಕ್ರಾನ್ ಕಂಪನಿ 2025ರ ಡಿಸೆಂಬರ್‌ನಲ್ಲಿ ಘೋಷಿಸಿತು. ಹೀಗಾಗಿ ವಿಡಿಯೋ ಎಡಿಟಿಂಗ್, ತ್ರಿಡಿ ಕೆಲಸಕ್ಕೆ ವರ್ಕ್‌ಸ್ಟೇಷನ್ ಜೋಡಿಸಲು ಹೊರಟ ವಿದ್ಯಾರ್ಥಿಗಳ ಕಣ್ಣು ಹಳೇ ಸರ್ವರ್ ಭಾಗಗಳ ಮೇಲೆ ಬೀಳುವುದು ಸಹಜ. ಕಂಪ್ಯೂಟರ್ ಬಿಡಿಭಾಗಗಳಿಗೆ ಬೆಂಗಳೂರಿಗೆ ಎಸ್‌ಪಿ ರೋಡ್ ಹೇಗೋ, ಕೋಲ್ಕತ್ತಾಗೆ ಚಾಂದನಿ ಮಾರ್ಕೆಟ್ ಹಾಗೆ. ಆದರೆ ಅಗ್ಗದ ಚಿಪ್ ಕೊನೆಗೆ ದುಬಾರಿಯಾಗುವ ಅಪಾಯವೂ ಇದೆ.

ಸ್ಪೀಡ್ ಹೆಚ್ಚಿಸಲು ಆಗುತ್ತಾ?

2016ರಲ್ಲಿ ಬಂದ ಇಂಟೆಲ್ ಜಿಯಾನ್ ಇ5-2680 ವಿ4 ಉದಾಹರಣೆ ನೋಡಿ. 14 ಕೋರ್, 28 ಥ್ರೆಡ್ ಎಂದರೆ ಯಾರಿಗೂ ಆಸೆಯಾಗುತ್ತದೆ. ಆದರೆ ಮೂಲ ವೇಗ 2.4 ಗಿಗಾಹರ್ಟ್ಸ್ ಮಾತ್ರ. ಅದರ ಮಲ್ಟಿಪ್ಲೈಯರ್ ಅನ್ನು ಕಂಪನಿಯೇ ಲಾಕ್ ಮಾಡಿರುವುದರಿಂದ ಓವರ್‌ಕ್ಲಾಕಿಂಗ್‌ಗೆ ಹೆಚ್ಚು ಅವಕಾಶವಿಲ್ಲ. 2019ರಲ್ಲಿ ಮಾರುಕಟ್ಟೆಗೆ ಬಂದ 28 ಕೋರ್‌ನ ಜಿಯಾನ್ ಡಬ್ಲ್ಯೂ-3175ಎಕ್ಸ್‌ನಂಥ ಕೆಲವು ಅನ್‌ಲಾಕ್ ಚಿಪ್‌ಗಳಿವೆ. ಅವು 255 ವ್ಯಾಟ್ ವರ್ಗದವು, ಅವಕ್ಕೆ ಬೇಕಾದ ಬೋರ್ಡ್ ಕೂಡ ದುಬಾರಿ.

ಲಾಕ್ ಮಾಡುವುದಕ್ಕೆ ಕಾರಣವಿದೆ. ವೇಗವನ್ನು ಶೇ.10, ಅದಕ್ಕಾಗಿ ವೋಲ್ಟೇಜ್ ಅನ್ನೂ ಶೇ.10 ಏರಿಸಿದರೆ ವಿದ್ಯುತ್ ಬಳಕೆ ಸುಮಾರು ಶೇ.33 ಹೆಚ್ಚುತ್ತದೆ. ಶಾಖವೂ ಅಷ್ಟೇ. ದಿನಗಟ್ಟಲೆ ನಿಲ್ಲದೆ ಲೆಕ್ಕ ಮಾಡುವ ಸರ್ವರ್‌ನಲ್ಲಿ ಒಂದೇ ಒಂದು ತಪ್ಪಾದರೂ ಇಡೀ ಕೆಲಸ ವ್ಯರ್ಥವಾಗಬಹುದು. ಕೋಲ್ಕತ್ತಾದ ಎಸ್‌.ಎನ್‌.ಬೋಸ್ ಕೇಂದ್ರದಲ್ಲಿ 2024ರ ಸೆಪ್ಟೆಂಬರ್ 26ರಂದು ಲೋಕಾರ್ಪಣೆಯಾದ ಪರಮ ರುದ್ರ ಸೂಪರ್ ಕಂಪ್ಯೂಟರ್‌ನ ಶಕ್ತಿ ಇರುವುದೂ ಒಂದು ಚಿಪ್‌ನ ವೇಗದಲ್ಲಲ್ಲ, ನೂರಾರು ಪ್ರೊಸೆಸರ್‌ಗಳು ಒಟ್ಟಾಗಿ ದುಡಿಯುವುದರಲ್ಲಿ.

ಎಡವುವುದು ಇಲ್ಲೇ

ನಿಜವಾದ ಸಮಸ್ಯೆ ಹೊಂದಾಣಿಕೆಯದ್ದು. ಇ5-2680 ವಿ2 ಮತ್ತು ವಿ4 ಹೆಸರಲ್ಲಿ ಅಣ್ಣತಮ್ಮಂದಿರಂತಿವೆ. ಆದರೆ ವಿ2ಗೆ ಡಿಡಿಆರ್3, ವಿ4ಗೆ ಡಿಡಿಆರ್4 ರ‍್ಯಾಮ್ ಬೇಕು. ಸಾಕೆಟ್ ಕೂಡ ಬೇರೆ. ಸರ್ವರ್‌ನ ರಿಜಿಸ್ಟರ್ಡ್ ರ‍್ಯಾಮ್ ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಮನೆಯ ಸಾಮಾನ್ಯ ಡೆಸ್ಕ್‌ಟಾಪ್ ಬೋರ್ಡ್‌ನಲ್ಲಿ ಅದು ಕೆಲಸ ಮಾಡುವುದಿಲ್ಲ. ಈ ಚಿಪ್‌ಗಳಲ್ಲಿ ಗ್ರಾಫಿಕ್ಸ್ ಇರುವುದಿಲ್ಲ, ಕಾರ್ಡ್‌ಗೆ ಬೇರೆ ದುಡ್ಡು. ಬ್ರ್ಯಾಂಡೆಡ್ ಸರ್ವರ್‌ನಿಂದ ಬಿಚ್ಚಿದ ಎಷ್ಟೋ ಬೋರ್ಡ್‌ಗಳಿಗೆ ಸಾಮಾನ್ಯ ಎಸ್‌ಎಂಪಿಎಸ್ ಹೊಂದುವುದೂ ಇಲ್ಲ.

ಇನ್ನೊಂದು ತೊಡಕು: ವಿಂಡೋಸ್ 10ಗೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಈ ಪ್ರೊಸೆಸರ್‌ಗಳಿಲ್ಲ. ಲಿನಕ್ಸ್ ಬಳಸುವವರಿಗೆ ಚಿಂತೆಯಿಲ್ಲ.

ಹಾಗಾದರೆ ಕೊಳ್ಳಲೇಬಾರದಾ?

ಹಾಗೇನಿಲ್ಲ. ರೆಂಡರಿಂಗ್‌ನಂತೆ ಎಲ್ಲ ಕೋರ್‌ಗಳನ್ನೂ ಬಳಸುವ ಕೆಲಸಕ್ಕೆ ಇವು ಈಗಲೂ ಉಪಯುಕ್ತ. ಗೇಮಿಂಗ್‌ಗೆ ಹೆಚ್ಚು ವೇಗದ ಕಡಿಮೆ ಕೋರ್‌ನ ಹೊಸ ಚಿಪ್ ಮೇಲು. ಚಿಪ್, ಬೋರ್ಡ್, ರ‍್ಯಾಮ್ ಮೂರನ್ನೂ ಒಂದೇ ಅಂಗಡಿಯಲ್ಲಿ ಸೆಟ್ ಆಗಿ ಕೊಳ್ಳಿ. ಅಷ್ಟೂ ರ‍್ಯಾಮ್ ತೋರಿಸುತ್ತಿದೆಯೇ ಎಂದು ಅಲ್ಲೇ ಆನ್ ಮಾಡಿಸಿ ನೋಡಿದ ಮೇಲೆಯೇ ದುಡ್ಡು ಕೊಡಿ. ವಾರಂಟಿ ಇಲ್ಲದ ಹಳೇ ಮಾಲಿಗೆ ಅದೊಂದೇ ಗ್ಯಾರಂಟಿ.