ಗಂಡಿನ ಕಡೆ, ಹೆಣ್ಣಿನ ಕಡೆ... ಆಟದಲ್ಲೂ ಬೇಕಾ?

ಕಳೆದ ತಿಂಗಳು ನನ್ನ ಚಿಕ್ಕಪ್ಪನ ಮಗನ ಮದುವೆ ಆಯ್ತು. ಮೂರು ದಿನ ಬಿಟ್ಟು ನಮ್ಮೂರಲ್ಲಿ ಬೀಗರೂಟ. ಮುದ್ದೆ, ಬಾಡು ಎಲ್ಲಾ ಗಡದ್ದಾಗಿ ಮುಗಿದ ಮೇಲೆ ಶಾಮಿಯಾನದ ಕೆಳಗೇ ಏನಾದ್ರೂ ಆಟ ಆಡಿಸೋಣ ಅಂತ ಹುಡುಗರು ಹೊರಟರು. ಮೈಕು ನನ್ನ ಕೈಗೆ ಬಂತು (ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋನಿಗೆ ಎಲ್ಲಾ ಗೊತ್ತಿರುತ್ತೆ ಅಂತ ಊರವರ ನಂಬಿಕೆ!). ನಾನೂ ಎಲ್ಲರ ಹಾಗೆ ಕೂಗಿಬಿಟ್ಟೆ: "ಗಂಡಿನ ಕಡೆಯವರು ಈ ಕಡೆ, ಹೆಣ್ಣಿನ ಕಡೆಯವರು ಆ ಕಡೆ!"

ಎಲ್ಲರೂ ಎದ್ದು ಹೋದರು. ಮದುಮಗಳು ಮಾತ್ರ ನಡುವೆ ನಿಂತಳು. ಇತ್ತ ನಮ್ಮತ್ತೆ "ಬಾರಮ್ಮ, ನೀನೀಗ ನಮ್ಮೋಳು" ಅಂತ ಕೈ ಹಿಡಿದರು. ಅತ್ತ ಅವಳ ತಂಗಿ "ಅಕ್ಕಾ, ಇಲ್ಲಿ" ಅಂದಳು. ಜನ ನಕ್ಕರು. ಅವಳು ನಗಲಿಲ್ಲ, ಸುಮ್ಮನೆ ನಮ್ಮ ಕಡೆ ಬಂದು ಕೂತಳು.

ಅಂತ್ಯಾಕ್ಷರಿಯಲ್ಲಿ ಅವರು ಸೋತರು. ಸೋಲದೆ ಇನ್ನೇನು? ಅವರು ಒಂದು ವ್ಯಾನಿನಲ್ಲಿ ಬಂದ ಹದಿನೆಂಟು ಜನ, ನಾವು ಇಡೀ ಊರು! ಸೋತವರಿಗೆ ಬಸ್ಕಿ ಅಂತ ಮೊದಲೇ ಸಾರಿದ್ದೆ. ಅವಳ ಅಪ್ಪ ನಗುತ್ತಲೇ ಎದ್ದು ಕಿವಿ ಹಿಡಿದುಕೊಂಡರು. ಗೆದ್ದ ಟೀಮಿನಲ್ಲಿ ಕೂತಿದ್ದ ಮಗಳು ತಲೆ ಬಗ್ಗಿಸಿಕೊಂಡು ಚಪ್ಪಾಳೆ ತಟ್ಟಿದಳು.

ಇದನ್ನು ಮಾಡಿಸಿದವನು ನಾನು. ಅದಕ್ಕೇ ಬರೀತಿದ್ದೀನಿ.

"ಬೀಗರನ್ನು ಹಂಗಿಸೋದು ಹಿಂದಿನಿಂದ ಬಂದದ್ದಲ್ವಾ, ಬೀಗರ ಹಾಡು ಇಲ್ವಾ?" ಅಂತ ಕೇಳಬಹುದು. ಇದೆ ಸ್ವಾಮಿ. ಆದರೆ ಅಲ್ಲಿ ಬೀಗಿತ್ತಿ ಒಂದು ಹಾಡಿದರೆ ಈಚೆಯವಳು ಎರಡು ತಿರುಗಿಸಿ ಹಾಡುತ್ತಿದ್ದಳು. ಬಾಯಿಗೆ ಬಾಯಿ, ಲೆಕ್ಕ ಚುಕ್ತಾ. ಅಂಕದ ಪಟ್ಟಿ ಇರಲಿಲ್ಲ, ಬಸ್ಕಿಯೂ ಇರಲಿಲ್ಲ. ನಾವು ಆ ಹಾಡು ಮರೆತು ಕಡೆಗಳನ್ನು ಮಾತ್ರ ಉಳಿಸಿಕೊಂಡಿದ್ದೀವಿ. ಹಾಡೋಕೆ ಬರದವರಿಗೆ ಹಂಗಿಸೋ ಹಕ್ಕು ಎಲ್ಲಿಂದ ಬಂತು?

ಹಾಗಾದ್ರೆ ಟೀಮು ಮಾಡೋದು ಹೇಗೆ? ಆಫೀಸಿನ ಔಟಿಂಗ್‌ನಲ್ಲಿ ಎಚ್‌ಆರ್‌ನವರು ಒಂದು-ಎರಡು-ಮೂರು-ನಾಲ್ಕು ಅಂತ ಎಣಿಸುವಾಗ ನಾವೆಲ್ಲಾ ಮುಖ ಸಿಂಡರಿಸ್ತೀವಿ. ಆದರೆ ಬೀಗರೂಟಕ್ಕೆ ಅದಕ್ಕಿಂತ ಒಳ್ಳೆ ಅಲ್ಗಾರಿದಮ್ ಇಲ್ಲ. ನಮ್ಮ ಜನ ಹೇಗಿದ್ರೂ ಮನೆಮನೆಯವರು ಗುಂಪಾಗಿ ಕೂತಿರ್ತಾರೆ. ಕೂತ ಸಾಲಿನಲ್ಲೇ 1, 2, 3, 4 ಎಣಿಸಿದರೆ ಪಕ್ಕಪಕ್ಕದವರು ಬೇರೆ ಬೇರೆ ಟೀಮಿಗೆ ಬೀಳ್ತಾರೆ. ಎರಡು ಕಡೆಯವರೂ ತಾವಾಗೇ ಬೆರೀತಾರೆ. ಮಕ್ಕಳನ್ನೂ ವಯಸ್ಸಾದವರನ್ನೂ ಬೇರೆಯಾಗಿ ಎಣಿಸಿ, ಇಲ್ಲಾಂದ್ರೆ ಒಂದೇ ಟೀಮಿಗೆ ಎಲ್ಲಾ ಚಿಳ್ಳೆಪಿಳ್ಳೆಗಳು ಬಂದುಬಿಡಬಹುದು. ಹುಟ್ಟಿದ ತಿಂಗಳ ಪ್ರಕಾರ ಮಾತ್ರ ಮಾಡಬೇಡಿ. ಹಿರಿಯರಲ್ಲಿ ಎಷ್ಟೋ ಜನರ ಹುಟ್ಟಿದ ದಿನ, ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ಜೂನ್ 1. ಅರ್ಧ ಶಾಮಿಯಾನ ಒಂದೇ ಟೀಮಾಗುತ್ತೆ :-)

ಮದುಮಕ್ಕಳನ್ನು ಯಾವ ಟೀಮಿಗೂ ಹಾಕಬೇಡಿ. ಜೊತೆಗೆ ಕೂರಿಸಿ ಅಂಕ ಬರೆಯೋಕೆ ಹೇಳಿ. ಬಸ್ಕಿ ಗಿಸ್ಕಿ ಬೇಡ, ಸೋತವರು ಎಲ್ಲರಿಗೂ ಬಾಳೆಹಣ್ಣು ಹಂಚಲಿ ಸಾಕು.

"ಗುರುತಿಲ್ಲದವರ ಜೊತೆ ಹೇಗೆ ಆಡೋದು?" ಅಂತೀರಾ? ಗುರುತಾಗಲಿ ಅಂತ ತಾನೇ ಬೀಗರನ್ನು ಕರೆದು ಊಟ ಹಾಕೋದು?

ತವರೋ ಗಂಡನ ಮನೆಯೋ ಅನ್ನೋ ಪ್ರಶ್ನೆಯನ್ನು ಆ ಹುಡುಗಿಗೆ ಲೋಕ ಹೇಗೂ ದಿನಾ ಕೇಳುತ್ತೆ. ಮೈಕು ಹಿಡಿದು ನಾವೂ ಕೇಳಬೇಕಾ?

ಏನಂತೀರಿ?