ಓಟಿಪಿ ಬಂತಾ ಸರ್?

'ಕನ್ನಡಕ್ಕಾಗಿ ಎರಡನ್ನು ಒತ್ತಿ.' ಒತ್ತಿದೆ. 'ಗುಡ್ ಈವ್ನಿಂಗ್ ಸರ್, ಹೌ ಮೇ ಐ ಹೆಲ್ಪ್ ಯೂ?' ಅಂತು ಆ ಕಡೆಯ ದನಿ. ಅಲ್ಲಿಗೆ ಕನ್ನಡ ಮುಗೀತು.

ಈವ್ನಿಂಗ್ ಎಲ್ಲಿ ಬಂತು, ರಾತ್ರಿ ಎರಡೂಕಾಲು. ಒಂಬತ್ತು ತಿಂಗಳ ಮಗಳ ಮೈ ಕೆಂಡದ ಹಾಗೆ ಸುಡ್ತಾ ಇದೆ. ಥರ್ಮಾಮೀಟರ್ 102.6 ತೋರಿಸ್ತಿದೆ. ಡಾಕ್ಟರ್ ಹೋದ ಸಲ ಬರೆದುಕೊಟ್ಟಿದ್ದ ಪ್ಯಾರಾಸಿಟಮಾಲ್ ಡ್ರಾಪ್ಸ್ ಬಾಟಲಿಯಲ್ಲಿ ತಳ ಒದ್ದೆಯಾಗುವಷ್ಟೂ ಉಳಿದಿಲ್ಲ. ಮನೆಯಲ್ಲಿರೋದು ಅಕ್ಕನ ಮಗ ಬಂದಾಗ ಬಿಟ್ಟುಹೋದ ಸಿರಪ್. ಅದೇ ಔಷಧಿ, ಬೇರೆ ಬಾಟಲಿ, ಬೇರೆ ಅಳತೆ. ನನ್ನ ಪ್ರಶ್ನೆ ಎರಡೇ. ಈ ಮಗೂನ ಈಗಲೇ ಎತ್ಕೊಂಡು ಓಡಬೇಕಾ, ಬೆಳಗಿನವರೆಗೆ ಕಾಯಬಹುದಾ? ಕಾಯಬಹುದು ಅಂದ್ರೆ ಈ ಸಿರಪ್ ಎಷ್ಟು ಎಂಎಲ್ ಕೊಡಬೇಕು?

ಫೋನ್ ಮಾಡಿದ್ದು ಮಗಳು ಹುಟ್ಟಿದ ಆಸ್ಪತ್ರೆಗೇ. ಡಿಸ್ಚಾರ್ಜ್ ದಿನ ಕೊಟ್ಟ ಮ್ಯಾಗ್ನೆಟ್ ನಮ್ಮ ಫ್ರಿಡ್ಜ್ ಬಾಗಿಲ ಮೇಲೆ ಇನ್ನೂ ಇದೆ: ನಗುವ ಪಾಪು, ಕೆಳಗೆ '24×7 ಸಹಾಯವಾಣಿ'. ಆ ಹುಡುಗಿ ಏನೇನು ಕೇಳಿದಳು ಗೊತ್ತಾ? ಮಗುವಿನ ಹೆಸರು. ಆಸ್ಪತ್ರೆ ನಂಬರು. ರಿಜಿಸ್ಟರ್ ಆಗಿರುವ ಮೊಬೈಲ್ ನಂಬರು. ಆಮೇಲೆ, 'ಒಂದು ಓಟಿಪಿ ಬರುತ್ತೆ, ಹೇಳಿ ಸರ್.' ರಿಜಿಸ್ಟರ್ ಆಗಿದ್ದು ಹೆಂಡತಿಯ ನಂಬರು. ಅವಳು ಒಂದು ಕೈಯಲ್ಲಿ ಅಳುವ ಮಗು, ಇನ್ನೊಂದು ಕೈಯಲ್ಲಿ ಫೋನು ಹಿಡ್ಕೊಂಡು ಮೆಸೇಜ್ ಹುಡುಕ್ತಾ ಇದ್ದಾಳೆ. 'ಓಟಿಪಿ ಬಂತಾ ಸರ್?'

ಬಂತು. ಹೇಳಿದೆ. ಎಲ್ಲ ಆದಮೇಲೆ ಸಿಕ್ಕಿದ ಸಲಹೆ: 'ನಾಳೆ ಹತ್ತೂ ನಲವತ್ತಕ್ಕೆ ಸ್ಲಾಟ್ ಇದೆ, ಬುಕ್ ಮಾಡ್ಲಾ? ಇಲ್ಲಾಂದ್ರೆ ಎಮರ್ಜೆನ್ಸಿಗೆ ಕರ್ಕೊಂಡು ಬನ್ನಿ.' ಡ್ಯೂಟಿ ಡಾಕ್ಟರೋ ನರ್ಸೋ ಒಂದು ನಿಮಿಷ ಮಾತಾಡಬಹುದಾ ಅಂದೆ. 'ಫೋನಲ್ಲಿ ಮೆಡಿಕಲ್ ಅಡ್ವೈಸ್ ಕೊಡೋಕೆ ರೂಲ್ಸ್ ಇಲ್ಲ ಸರ್.' ಫೋನ್ ಇಟ್ಟ ಕೂಡಲೇ ಮೆಸೇಜ್ ಬಂತು: ನಮ್ಮ ಸೇವೆಗೆ ಒಂದರಿಂದ ಐದರೊಳಗೆ ಅಂಕ ಕೊಡಿ.

ಆ ಹುಡುಗಿ ಮೇಲೆ ನನಗೆ ಸಿಟ್ಟಿಲ್ಲ. ಅವಳ ಮುಂದಿನ ಸ್ಕ್ರೀನಲ್ಲಿ ಮಗುವಿನ ಬಗ್ಗೆ ಕೇಳೋ ಒಂದು ಪ್ರಶ್ನೆಯೂ ಇರಲಿಲ್ಲ, ಅವಳೇನು ಮಾಡ್ತಾಳೆ? ಸಿಟ್ಟಿರೋದು ಆ ಸ್ಕ್ರೀನ್ ಮಾಡಿಸಿದವರ ಮೇಲೆ. ನಾನೂ ಸ್ಕ್ರೀನ್ ಮಾಡುವ ಕೆಲಸದವನೇ. ಯಾವ ಫಾರಂನಲ್ಲಿ ಏನು ಕೇಳುತ್ತಾರೆ ಅನ್ನೋದನ್ನ ನೋಡಿದರೆ ಸಾಕು, ಆ ಕಂಪನಿಗೆ ಯಾವುದರ ಭಯ, ಯಾವುದರ ಆಸೆ ಅಂತ ಗೊತ್ತಾಗುತ್ತೆ. ನಾನು ಮಾತಾಡಿದ್ದು ಅಪಾಯಿಂಟ್‌ಮೆಂಟ್ ಮಾರುವ ಕೌಂಟರ್ ಜೊತೆ. ಬೋರ್ಡ್ ಮಾತ್ರ ಸಹಾಯವಾಣಿ ಅಂತ ಹಾಕಿದ್ದಾರೆ.

ಸರಿ, ಆ್ಯಪ್ ಇದೆಯಲ್ಲ. 'ಒಂದೇ ನಿಮಿಷದಲ್ಲಿ ಡಾಕ್ಟರ್' ಅಂತ ಜಾಹೀರಾತು ನೋಡಿದ್ದು ನೆನಪಾಯ್ತು. 499 ರೂಪಾಯಿ ಕಟ್ಟಿದೆ. ಕಾಲ್ ಬರಲಿಲ್ಲ, ಚಾಟ್ ಕಿಟಕಿ ತೆರೀತು. ಫೀವರ್, ಬೇಬಿ, ನೈನ್ ಮಂತ್ಸ್ ಅಂತ ಟೈಪ್ ಮಾಡಿದೆ. ಮೂರು ನಿಮಿಷಕ್ಕೆ ಪಿಡಿಎಫ್ ಬಂತು. ಮೊದಲನೇದು ಆ್ಯಂಟಿಬಯೋಟಿಕ್. ಎರಡನೇದು ಪ್ಯಾರಾಸಿಟಮಾಲ್, ಮುಂದೆ 'ಆ್ಯಸ್ ಡೈರೆಕ್ಟೆಡ್'. ಅಂದರೆ ಹೇಳಿದಷ್ಟು ಕೊಡಿ ಅಂತ. ಯಾರು ಹೇಳಿದಷ್ಟು ಸ್ವಾಮಿ? ಅದನ್ನ ಹೇಳಲಿ ಅಂತ ತಾನೇ ನಾನು ದುಡ್ಡು ಕಟ್ಟಿದ್ದು? ಮಗುವಿನ ತೂಕ ಎಷ್ಟು ಅಂತ ಕೂಡ ಆ ಪುಣ್ಯಾತ್ಮ ಕೇಳಲಿಲ್ಲ.

ಎಂಎಲ್ ಪ್ರಶ್ನೆಗೆ ನಾನು ಇಷ್ಟು ಯಾಕೆ ಅಂಟಿಕೊಂಡಿದ್ದೆ ಅಂತ ಮಕ್ಕಳಿಲ್ಲದ ಗೆಳೆಯರಿಗೆ ಹೇಳಬೇಕು. ಮಕ್ಕಳಿಗೆ ಪ್ಯಾರಾಸಿಟಮಾಲ್ ಕೊಡೋದು ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಒಂದು ಕಿಲೋಗೆ 10ರಿಂದ 15 ಮಿಲಿಗ್ರಾಂ. ನಮ್ಮ ಅಂಗಡಿಗಳಲ್ಲಿ ಸಿಗುವ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತೆ. ಸಿರಪ್‌ನಲ್ಲಿ ಐದು ಎಂಎಲ್‌ಗೆ 120 ಅಥವಾ 125 ಇರಬಹುದು, 250 ಇರಬಹುದು. ಮೂರಕ್ಕೂ ಹೆಚ್ಚೂಕಮ್ಮಿ ಒಂದೇ ಥರದ ಬಾಟಲಿ, ಅದೇ ಗುಲಾಬಿ ಬಣ್ಣ. 'ಸಿರಪ್ ಅಲ್ವಾ, ಐದು ಎಂಎಲ್' ಅಂದುಕೊಂಡು ಯಾರಾದರೂ ಡ್ರಾಪ್ಸನ್ನ ಐದು ಎಂಎಲ್ ಕುಡಿಸಿದರೆ 500 ಮಿಲಿಗ್ರಾಂ ಆಯ್ತು. ಅದು ದೊಡ್ಡವರ ಒಂದು ಮಾತ್ರೆ. ಎಂಟು ಕಿಲೋ ಮಗುವಿಗೆ! ಹೀಗೆ ಒಂದೆರಡು ಸಲ ಆದರೆ ಏಟು ಬೀಳೋದು ಲಿವರ್‌ಗೆ.

ನಮ್ಮ ಮಗಳಿಗೆ ಡಾಕ್ಟರ್ ಬರೆದಿದ್ದದ್ದು ಒಂದು ಎಂಎಲ್ ಡ್ರಾಪ್ಸ್, ಅಂದರೆ 100 ಮಿಲಿಗ್ರಾಂ. ಕೈಯಲ್ಲಿದ್ದ ಸಿರಪ್ ಐದು ಎಂಎಲ್‌ಗೆ 250ರದ್ದು. ಎರಡು ಎಂಎಲ್ ಕೊಟ್ಟರೆ ಲೆಕ್ಕ ಸರಿಹೋಗುತ್ತೆ. ಐದನೇ ಕ್ಲಾಸಿನ ಹುಡುಗ ಮಾಡುವ ಲೆಕ್ಕ. ಆದರೆ ಎರಡೂವರೆ ರಾತ್ರಿಯಲ್ಲಿ, ಮಗು ಕಿರುಚ್ತಾ ಇರುವಾಗ, ಬಿಇ ಓದಿದ ನನಗೆ ನನ್ನ ಭಾಗಾಕಾರದ ಮೇಲೇ ನಂಬಿಕೆ ಬರಲಿಲ್ಲ. ಆಫೀಸಿನಲ್ಲಿ ಒಂದೇ ಒಂದು ಸಾಲು ಕೋಡ್ ಬದಲಾಯಿಸಿದರೂ ಇನ್ನೊಬ್ಬರು ನೋಡಿ ಸರಿ ಅನ್ನದೆ ಅದು ಮುಂದಕ್ಕೆ ಹೋಗಲ್ಲ. ಆ ರಾತ್ರಿ ನನಗೆ ಬೇಕಿದ್ದಿದ್ದೂ ಅಷ್ಟೇ. ತಿಳಿದವರೊಬ್ಬರು 'ಹೌದು, ಸರಿ' ಅನ್ನಬೇಕಿತ್ತು.

ಕೊನೆಗೆ ಊರಿಗೆ ಫೋನ್ ಮಾಡಿದೆ. ಅಮ್ಮ ಎರಡನೇ ರಿಂಗಿಗೇ ಎತ್ತಿದಳು. ದೃಷ್ಟಿ ತೆಗಿಯೋ ಮೊದಲು ಅಂದಳು. ಆಮೇಲೆ, ನಾನು ಬೇಡ ಬೇಡ ಅಂದರೂ ಕೇಳದೆ, ಪಕ್ಕದ ಮನೆ ಕದ ತಟ್ಟಿದಳು. ಅಲ್ಲಿರೋದು ನಮ್ಮೂರ ಆಶಾ ಕಾರ್ಯಕರ್ತೆ. ಹೈಸ್ಕೂಲಿನಲ್ಲಿ ನನಗಿಂತ ಎರಡು ವರ್ಷ ಮುಂದಿದ್ದವರು, ಅಕ್ಕ ಅಂತಲೇ ಕರೆಯೋದು. ನಿದ್ದೆಗಣ್ಣಲ್ಲೇ ಶುರು ಮಾಡಿದರು.

'ಹಾಲು ಕುಡೀತೈತಾ? ಕುಡಿದಿದ್ದೆಲ್ಲ ವಾಂತಿ ಮಾಡ್ತೈತಾ? ಫಿಟ್ಸ್ ಗಿಟ್ಸ್ ಏನಾದ್ರೂ ಬಂತಾ? ಕರೆದ್ರೆ ಕಣ್ಬಿಟ್ಟು ನೋಡ್ತೈತಾ, ಇಲ್ಲಾ ಮಂಕಾಗಿ ಬಿದ್ಕೊಂಡೈತಾ? ಉಚ್ಚೆ ಯಾವಾಗ ಹೋಯ್ತು?' ಆಮೇಲೆ ಹೇಳಿದರು, 'ಅಳು ನಿಲ್ಲಿಸಿದ ಮೇಲೆ ಅಂಗಿ ಮೇಲೆತ್ತಿ ಹೊಟ್ಟೆ ನೋಡು. ಮೊಬೈಲಲ್ಲಿ ಒಂದು ನಿಮಿಷ ಇಟ್ಕಂಡು ಉಸಿರು ಎಣಿಸು. 50 ಮುಟ್ಟಿದ್ರೆ ಈಗಲೇ ಹೊರಡು. ಪಕ್ಕೆ ಒಳಕ್ಕೆ ಸೆಳೀತಿದ್ರೂ ಹೊರಡು.' ಎಣಿಸಿದೆ. 44. ಪಕ್ಕೆ ಸೆಳೀತಿರಲಿಲ್ಲ. ಹಾಲು ಕುಡೀತಿದ್ದಳು, ಡೈಪರ್ ಒದ್ದೆಯಿತ್ತು. ಔಷಧಿ ಎಷ್ಟು ಎಂಎಲ್ ಅಂತ ಕೇಳಿದೆ. 'ಅದು ನಾನು ಹೇಳಂಗಿಲ್ಲ ಕಣಪ್ಪ, ಬಾಟ್ಲಿ ಬೇರೆ ಅಂತೀಯ. ಡಾಕ್ಟ್ರು ಬರೆದಿದ್ದ ಬಾಟ್ಲೀನೇ ತಗಂಬಾ. ಅಲ್ಲೀಗಂಟ ಎದೆಹಾಲು ಕೊಡ್ತಿರ್ಲಿ, ಬಟ್ಟೆ ಸಡಿಲ ಮಾಡು.'

ತಿಳಿದಿದ್ದು ಕೇಳಿದರು, ತಿಳಿಯದ್ದು ನನಗೆ ತಿಳಿಯಲ್ಲ ಅಂದರು. ನಾಲ್ಕು ನಿಮಿಷ. ಓಟಿಪಿ ಇಲ್ಲ.

ಇದೇನು ಅಕ್ಕ ಕನಸಲ್ಲಿ ಕಂಡಿದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ತೊಂಬತ್ತರ ದಶಕದಲ್ಲಿ ಬಡ ದೇಶಗಳಿಗೆ ಅಂತ ರೂಪಿಸಿದ ಪ್ರಶ್ನೆಗಳ ಪಟ್ಟಿ ಅದು. ಕುಡಿಯಲಾಗದಿರುವುದು, ಕುಡಿದದ್ದೆಲ್ಲ ವಾಂತಿ, ಫಿಟ್ಸ್, ಮಂಕು ಇವು ಅಪಾಯದ ಗುರುತುಗಳು. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿನ ಉಸಿರು ನಿಮಿಷಕ್ಕೆ 50 ಅಥವಾ ಹೆಚ್ಚಿದ್ದರೆ, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಹೆಚ್ಚಿದ್ದರೆ ಅದು ವೇಗದ ಉಸಿರು. ಇನ್ನೂ ಎರಡು ತಿಂಗಳು ತುಂಬದ ಕೂಸಿಗೆ ಜ್ವರ ಬಂದರೆ ಎಣಿಸ್ತಾ ಕೂರಬಾರದು, ಹೊರಟುಬಿಡಬೇಕು. ಇದನ್ನು ನೆನಪಿಡೋಕೆ ಎಂಬಿಬಿಎಸ್ ಬೇಡ, ತರಬೇತಿ ಸಾಕು. ಗೌರವಧನ ಹೆಚ್ಚಿಸಿ ಅಂತ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರುವ ಹೆಣ್ಣುಮಕ್ಕಳಿಗೆ ಕಲಿಸಿದ್ದನ್ನ, ಹೆರಿಗೆಗೆ ಲಕ್ಷಗಟ್ಟಲೆ ಬಿಲ್ ಮಾಡುವ ಆಸ್ಪತ್ರೆ ತನ್ನ ಸಹಾಯವಾಣಿಗೆ ಕಲಿಸಿಲ್ಲ. ಅಪಾರ್ಟ್‌ಮೆಂಟಿನ ಹನ್ನೊಂದನೇ ಮಹಡಿಗೆ ಯಾವ ಆಶಾ ಅಕ್ಕನೂ ಬರಲ್ಲ. ನಮಗೆ ಇನ್ಶೂರೆನ್ಸ್ ಇದೆ, ಪಕ್ಕದ ಮನೆ ಇಲ್ಲ.

ಈಗ 'ರೂಲ್ಸ್ ಇಲ್ಲ ಸರ್' ವಿಷಯಕ್ಕೆ ಬರೋಣ. ರೂಲ್ಸ್ ಇದೆ ಕಣ್ರೀ. 2020ರ ಮಾರ್ಚ್ 25ರಂದು, ಅಂದರೆ ಲಾಕ್‌ಡೌನಿನ ಮೊದಲ ದಿನ, ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಡಿಸಿತು. ನೋಂದಾಯಿತ ವೈದ್ಯರು ವಿಡಿಯೋ, ಫೋನು, ಮೆಸೇಜು ಮೂರರಲ್ಲೂ ಸಲಹೆ ಕೊಡಬಹುದು. ಮಗುವಿನ ಪರವಾಗಿ ದೊಡ್ಡವರು ಜೊತೆಗಿರಬೇಕು. ಔಷಧಿಗಳಲ್ಲಿ 'ಓ' ಅನ್ನುವ ಪಟ್ಟಿಯೇ ಇದೆ, ಯಾವ ರೀತಿಯ ಕರೆಯಲ್ಲಾದರೂ ಬರೆಯಬಹುದಾದಂಥವು. ಅದಕ್ಕೆ ಕೊಟ್ಟಿರುವ ಉದಾಹರಣೆಗಳಲ್ಲೇ ಪ್ಯಾರಾಸಿಟಮಾಲ್ ಇದೆ, ಓಆರ್‌ಎಸ್ ಇದೆ. ಕಾಲ್ ಸೆಂಟರಿನ ಹುಡುಗಿ ಔಷಧಿ ಹೇಳಬಾರದು, ಸರಿ. ಆದರೆ ಡ್ಯೂಟಿ ಡಾಕ್ಟರಿಗೆ ಕರೆ ದಾಟಿಸಬೇಡಿ ಅಂತ ಯಾವ ರೂಲೂ ಹೇಳಿಲ್ಲ. ಅದು ಆಸ್ಪತ್ರೆಯವರು ತಾವೇ ಮಾಡಿಕೊಂಡ ಅನುಕೂಲ.

ಡಾಕ್ಟರ್ ಗೆಳೆಯನಿಗೆ ಇದನ್ನೆಲ್ಲ ಹೇಳಿದಾಗ ಅವನು ನನ್ನ ಮೇಲೇ ಹರಿಹಾಯ್ದ. 'ಫೋನಲ್ಲಿ ಹೇಳಿ ಹೆಚ್ಚುಕಮ್ಮಿ ಆದ್ರೆ ಕೇಸ್ ಯಾರ ಮೇಲೆ? ಕಲ್ಲು ಯಾರ ತಲೆ ಮೇಲೆ?' ಅವನ ಮಾತಲ್ಲಿ ಸತ್ಯ ಇದೆ. ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನಡಿ ಬರುತ್ತೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆಸ್ಪತ್ರೆಗಳ ಮೇಲಿನ ಹಲ್ಲೆ ತಡೆಯೋಕೆ ಕರ್ನಾಟಕ 2009ರಲ್ಲಿ ಕಾನೂನನ್ನೇ ಮಾಡಬೇಕಾಯ್ತು. ಮಗುವನ್ನ ನೋಡದೆ ಕಾಯಿಲೆ ಹೇಳೋಕಾಗಲ್ಲ ಅನ್ನೋದೂ ನಿಜ. ನಾನು ಕಾಯಿಲೆ ಹೇಳಿ ಅಂತ ಕೇಳಲೇ ಇಲ್ಲ. ಈಗಲೇ ಬರಬೇಕಾ ಬೇಡವಾ ಅಂತ ಕೇಳಿದೆ. ಆ ಭಯ ಅಷ್ಟಿದ್ದರೆ ಫ್ರಿಡ್ಜ್ ಮೇಲಿನ ಮ್ಯಾಗ್ನೆಟ್ಟಿನಲ್ಲಿ 'ರಾತ್ರಿ ಅಪಾಯಿಂಟ್‌ಮೆಂಟ್ ಮಾತ್ರ' ಅಂತ ಅಚ್ಚು ಹಾಕಿ, ಜನ ಬೇರೆ ದಾರಿ ನೋಡ್ಕೋತಾರೆ.

'ಎಮರ್ಜೆನ್ಸಿಗೆ ಬನ್ನಿ ಅನ್ನೋದು ಸೇಫ್ ಉತ್ತರ ಕಣೋ' ಅಂದ ಅವನು. ಯಾರಿಗೆ ಸೇಫು? ನಮ್ಮ ಟೀಮಿನಲ್ಲಿ ಸರದಿ ಮೇಲೆ ಆನ್‌ಕಾಲ್ ಇರ್ತೀವಿ. ಸರ್ವರ್ ಸ್ವಲ್ಪ ನಿಧಾನವಾದರೂ ರಾತ್ರಿ ಫೋನ್ ಕಿರುಚುತ್ತೆ. ಹೊಸದರಲ್ಲಿ ಎಲ್ಲ ಅಲರ್ಟಿಗೂ ಅತಿ ತುರ್ತು ಅಂತ ಹಣೆಪಟ್ಟಿ ಹಚ್ಚಿದ್ದರು. ಎರಡೇ ವಾರ. ಮೂರನೇ ವಾರದಿಂದ ಯಾರೂ ಫೋನೇ ನೋಡ್ತಿರಲಿಲ್ಲ, ಮ್ಯೂಟ್ ಮಾಡಿ ಮಲಗೋರು. ಎಲ್ಲವೂ ತುರ್ತು ಅಂದರೆ ಯಾವುದೂ ತುರ್ತಲ್ಲ. ಪ್ರತಿ ನೆಗಡಿಗೂ 'ಎಮರ್ಜೆನ್ಸಿಗೆ ಬನ್ನಿ' ಅನ್ನಿಸಿಕೊಂಡು, ಹೋಗಿ, ಮೂರು ಗಂಟೆ ಕಾದು, ಬಿಲ್ ಕಟ್ಟಿ, ಬರೀ ವೈರಲ್ ಫೀವರ್ ಅನ್ನಿಸಿಕೊಂಡು ಬಂದ ಅಪ್ಪ, ನಾಲ್ಕನೇ ಸಲ ಹೋಗಲ್ಲ. ಆ ನಾಲ್ಕನೇ ಸಲ ಉಸಿರು 58 ಇರಬಹುದು. ಅವನಿಗೆ ಎಣಿಸೋಕೆ ಯಾರೂ ಹೇಳಿಕೊಟ್ಟಿಲ್ಲ. ಈ ಸೇಫ್ ಉತ್ತರದ ಬೆಲೆ ತೆರೋದು ಆ ಮಗು.

ಲಂಡನ್ನಿನಲ್ಲಿರುವ ಸಹೋದ್ಯೋಗಿಗೆ ಅಲ್ಲಿನ 111 ಸಹಾಯವಾಣಿ ಮೇಲೆ ಇನ್ನೊಂದು ಥರದ ಸಿಟ್ಟು. ಕರೆ ಎತ್ತುವವರು ಡಾಕ್ಟರಲ್ಲ, ಕಂಪ್ಯೂಟರ್ ತೋರಿಸುವ ಪ್ರಶ್ನೆಗಳನ್ನ ಒಂದೊಂದಾಗಿ ಓದ್ತಾರೆ. ಬೇಕಾದರೆ ನರ್ಸೋ ಡಾಕ್ಟರೋ ಆಮೇಲೆ ಕರೆ ಮಾಡ್ತಾರೆ, ಅದಕ್ಕೆ ಗಂಟೆಗಟ್ಟಲೆ ಕಾಯೋದೂ ಉಂಟಂತೆ. 'ಪ್ರಶ್ನೆ ಕೇಳಿ ಕೇಳಿ ತಲೆ ತಿಂತಾರೆ' ಅಂತಾನೆ. ಕೇಳಿ ನನಗೆ ಹೊಟ್ಟೆಕಿಚ್ಚಾಯ್ತು. ನಮ್ಮಲ್ಲೂ 104 ಅಂತ ಸರ್ಕಾರದ ಆರೋಗ್ಯ ಸಹಾಯವಾಣಿ ಇದೆ. ಆ ರಾತ್ರಿ ನನಗೆ ಅದು ಹೊಳೆಯಲೇ ಇಲ್ಲ. ಬಿರಿಯಾನಿ ಆ್ಯಪಿನ ಕೂಪನ್ ಕೋಡ್ ಬಾಯಿಪಾಠ ಇರುವ ನನಗೆ ಆ ಮೂರು ಅಂಕಿ ನೆನಪಿರಲಿಲ್ಲ. ಅದು ನನ್ನ ತಪ್ಪು.

ಆಸ್ಪತ್ರೆಯಿಂದ ನಾನು ಕೇಳೋದು ಭಾರೀ ಏನಲ್ಲ. 24×7 ಅಂತ ಬರೆದ ಮೇಲೆ ಅಪಾಯದ ಗುರುತುಗಳ ಆ ಪ್ರಶ್ನೆಗಳು ಸ್ಕ್ರೀನಿನ ಮೇಲೆ ಮೊದಲು ಬರಲಿ, ಓಟಿಪಿ ಆಮೇಲೆ ಬರಲಿ. ಇಷ್ಟು ನಿಮಿಷದೊಳಗೆ ಡಾಕ್ಟರ್ ವಾಪಸ್ ಕರೆ ಮಾಡ್ತಾರೆ ಅಂತ ಹೇಳಿ, ಮಾಡಿ. ಅದಕ್ಕೆ ದುಡ್ಡು ಬೇಕಾ, ತಗೊಳ್ಳಿ. ಎರಡು ಒತ್ತಿದವರಿಗೆ ಕನ್ನಡ ಸಿಗಲಿ, ಯಾಕೆಂದರೆ ರಾತ್ರಿ ಫೋನ್ ಮಾಡೋದು ಇಂಗ್ಲಿಷ್ ಬರುವ ಅಪ್ಪ ಒಬ್ಬನೇ ಅಲ್ಲ, ಮಗು ನೋಡಿಕೊಳ್ಳುವ ಅಜ್ಜಿಯೂ ಮಾಡ್ತಾಳೆ. ಮತ್ತೆ, ಪ್ರತಿ ಲಸಿಕೆಗೂ ಮಗುವಿನ ತೂಕ ನೋಡೇ ನೋಡ್ತೀರಿ. ಅದೇ ಕಾರ್ಡಿನ ಮೇಲೆ ಜ್ವರಕ್ಕೆ ಯಾವ ಬಾಟಲಿ, ಎಷ್ಟು ಎಂಎಲ್, ಎಷ್ಟು ಗಂಟೆಗೊಮ್ಮೆ ಅಂತ ಒಂದು ಸಾಲು ಬರೆಯೋಕೆ ಅರ್ಧ ನಿಮಿಷ ಸಾಕು.

ಅವರು ಬರೆಯದಿದ್ದರೆ ನೀವು ಕೇಳಿ ಬರೆಸಿ. ನಾನು ಬರೆಸಿದೆ. ಆ ರಾತ್ರಿ ಮೂರು ಗಂಟೆಗೆ ಸ್ಕೂಟರ್ ತಗೊಂಡು ಹೋಗಿ, ರಾತ್ರಿಯಿಡೀ ತೆಗೆದಿರುವ ಮೆಡಿಕಲ್ಸಿನಲ್ಲಿ ಅದೇ ಡ್ರಾಪ್ಸ್ ತಂದೆ. ಜ್ವರ ಇಳೀತು, ಬೆಳಿಗ್ಗೆ ಡಾಕ್ಟರ್ ವೈರಲ್ ಅಂದರು. ಅವರ ಮುಂದೆಯೇ ಚೀಟಿ ಬರೆಸಿಕೊಂಡು ಬಂದೆ. ಫ್ರಿಡ್ಜ್ ಮೇಲೆ ಈಗ ಅದಿದೆ: ತೂಕ, ಬಾಟಲಿಯ ಹೆಸರು, ಎಂಎಲ್, ಉಸಿರಿಗೆ 50, ಕೆಳಗೆ 104, 108. ಚೀಟಿ ಬೀಳದ ಹಾಗೆ ಹಿಡಿದಿರೋದು ಆಸ್ಪತ್ರೆಯವರು ಕೊಟ್ಟ ಮ್ಯಾಗ್ನೆಟ್. ಅಷ್ಟಕ್ಕಾದರೂ ಅದು ಉಪಯೋಗಕ್ಕೆ ಬಂತು.